ವಿಸೆರಾ ಕ್ಲೀನಪ್ ಡಿಟೇಲ್: ಮೊದಲು ಹೆಣ, ಆಮ್ಯಾಲ ಮಾಪ್

ಮುಧೋಳದ ಹೊಸಬ (ಮುಧೋಳ)

ನಮಸ್ಕಾರ್ರಿ ಎಲ್ಲಾರಿಗೂ. ವಿಸೆರಾ ಕ್ಲೀನಪ್ ಡಿಟೇಲ್ ಅನ್ನೋ ಕಂಪ್ಯೂಟರ್ ಆಟದ ಬಗ್ಗೆ ಕನ್ನಡದಾಗ ಬಿಡಿಸಿ ಬರದಿದ್ದು ಸಿಗವಲ್ದು, ಅದಕ್ಕ ಇಲ್ಲಿ ಕೇಳಾಕತ್ತೀನಿ. ಅವೇಕನಿಂಗ್ ಮಟ್ಟದಾಗ ಮಾಪ್ ಹೊಡದಷ್ಟೂ ನೆಲ ಮತ್ತಷ್ಟು ಕೆಂಪಾಗ್ತೈತಿ. ಬಕೆಟ್‌ನಾಗ ಅದ್ದಿದ್ರೂ ಅದ ಹಣೆಬರಾ. ಇದು ಬಗ್ಗೋ, ಆಟಾನ ಹಿಂಗೋ? ಯಾವ ಕೆಲಸ ಮೊದಲು, ಯಾವುದು ಆಮ್ಯಾಲ ಅಂತ ತಿಳಿದವರು ಹೇಳ್ರಿ. ಇಬ್ಬರು ಕೂಡಿ ಆಡಿದ್ರ ಏನು ಬದಲಾಗ್ತೈತಿ ಅದನ್ನೂ ಹೇಳ್ರಿ.

ಕೃಷ್ಣಾತೀರ (ಬಾಗಲಕೋಟೆ)

ಬಗ್ ಅಲ್ಲ ತಮ್ಮಾ, ಆಟದ ಹುರುಳ ಅದು.

ಬ್ಯಾರೆಯವರೂ ಓದ್ತಾರಂತ ಮೊದಲು ಎರಡು ಮಾತು. ದಕ್ಷಿಣ ಆಫ್ರಿಕಾದ ರೂನ್‌ಸ್ಟಾರ್ಮ್ ಅನ್ನೋ ಸಣ್ಣ ತಂಡ ಮಾಡಿದ ಆಟ ಇದು. ಅರ್ಲಿ ಆಕ್ಸೆಸ್, ಅಂದ್ರ ಪೂರ್ತಿ ಆಗೂ ಮೊದಲ ಆಡಾಕ ಕೊಡೋ ಹಂತ, ಮುಗಿಸಿ 2015ರ ಅಕ್ಟೋಬರ್‌ನಾಗ ಪೂರ್ತಿ ಬಿಡುಗಡೆ ಆತು. ಬ್ಯಾರೆ ಆಟದಾಗ ಹೀರೋ ಬಂದು ಏಲಿಯನ್‌ಗಳನ್ನ ಕೊಚ್ಚಿ, ಗುಂಡು ಹಾರಿಸಿ, ಗೆದ್ದು ಹೋಗ್ತಾನ. ಅಂವ ಹೋದ ಮ್ಯಾಲ ಆ ಬಾಹ್ಯಾಕಾಶ ನಿಲ್ದಾಣ ತೊಳಿಯಾಕ ಬರೋ ಕೆಲಸಗಾರ ನೀವು. ವೈರಿ ಇಲ್ಲ, ಜೀವಕ್ಕ ಅಪಾಯನೂ ಬಹಳ ಇಲ್ಲ. ಹೆಣ, ರಕ್ತ, ಗುಂಡಿನ ಖಾಲಿ ಕೊಳವಿ, ಒಡದ ಗಾಜು, ಮಾಪ್, ಬಕೆಟ್. ಇಷ್ಟ.

ಈಗ ಮಾಪ್ ಕಡೆ ಬರೋಣ. ಮಾಪ್ ಎಷ್ಟು ಹೀರತೈತಿ ಅನ್ನೂದಕ್ಕ ಮಿತಿ ಐತಿ. ಸ್ವಚ್ಛ ಮಾಪ್ ಕೆಲವ ಹೊಡತ ರಕ್ತ ಎಳಕೊಂತೈತಿ, ಆಮ್ಯಾಲ ತುಂಬತೈತಿ. ತುಂಬಿದ ಮಾಪ್ ಹೊಡದ್ರ ಒರಸೂದಿಲ್ಲ, ಬಳೀತೈತಿ. ಅದನ್ನ ಬಕೆಟ್ ನೀರಾಗ ಅದ್ದಿದ್ರ ಮಾಪ್ ಸ್ವಚ್ಛ ಆಗ್ತೈತಿ, ಆದ್ರ ಆ ರಕ್ತ ನೀರಿಗಿ ಹೋಗ್ತೈತಿ. ನೀರು ಮೊದಲು ತಿಳಿಗೆಂಪು, ಆಮ್ಯಾಲ ಕಡುಗೆಂಪು. ಕಡುಗೆಂಪಾದ ಬಕೆಟ್‌ನಾಗ ಎಷ್ಟು ಸಲ ಅದ್ದಿದ್ರೂ ಮಾಪ್ ಹೊಲಸ ಇರ್ತೈತಿ. ನಿಮ್ಮ ನೆಲ ಕೆಂಪಾಗಾಕತ್ತಿದ್ದು ಇದಕ್ಕ. ನೀರಿನ ಬಣ್ಣ ನೋಡಿ ಹೊಸ ಬಕೆಟ್ ತರಬೇಕು, ಹಳೇದನ್ನ ಸುಡೋ ಒಲಿಗಿ, ಅಂದ್ರ ಇನ್‌ಸಿನರೇಟರ್‌ಗೆ ಹಾಕಬೇಕು.

ಇನ್ನ ಕ್ರಮ. ನನ್ನ ಖಡಾಖಂಡಿತ ಅಭಿಪ್ರಾಯ: ಒಂದು ವಿಭಾಗದಾಗಿನ ಕಡೇ ಮಾಂಸದ ತುಣುಕು ಒಲಿಗಿ ಹೋಗೂತನಕ ಮಾಪ್ ಕೈಯಾಗ ಹಿಡೀಬಾರದು. ಯಾಕಂದ್ರ ಹೆಣದ ತುಂಡು ಎತ್ತಿ ಇಟ್ಟಲ್ಲಿ, ಗೋಡಿಗಿ ತಾಕಿದಲ್ಲಿ, ಕೈ ಜಾರಿ ಬಿದ್ದಲ್ಲಿ ಮತ್ತ ರಕ್ತದ ಗುರುತು ಮೂಡತೈತಿ. ಒರಸಿದ ನೆಲದ ಮ್ಯಾಲಿಂದ ಹೆಣ ಒಯ್ದ್ರ ಅದ ಕೆಲಸ ಎರಡು ಸಲ.

ಮೊದಲು ಖಾಲಿ ಕೈಲಿ ಇಡೀ ಮಟ್ಟ ಒಂದು ಸುತ್ತು ಹೊಡೀರಿ. ರಕ್ತ ತುಳಿಯದಂಗ ಗ್ವಾಡಿ ಬದಿಗಿ ನಡೀರಿ. ಬೂಟಿಗಿ ರಕ್ತ ಹತ್ತಿತಂದ್ರ ಹೆಜ್ಜಿ ಹೆಜ್ಜಿಗಿ ಅಚ್ಚು ಬೀಳತೈತಿ, ಅದನ್ನೂ ಒರಸಬೇಕಾಗ್ತೈತಿ. ಈ ಸುತ್ತಿನಾಗ ನೋಡ್ಕೋಬೇಕಾಗಿದ್ದು ನಾಕು ಜಾಗ: ಇನ್‌ಸಿನರೇಟರ್ ಎಲ್ಲೈತಿ, ಬಕೆಟ್ ಕೊಡೋ ಸ್ಲಾಶ್-ಒ-ಮ್ಯಾಟಿಕ್ ಎಲ್ಲೈತಿ, ಕಸದ ಡಬ್ಬಿ ಕೊಡೋ ವಾಟ್-ಅ-ಲೋಡ್ ಎಲ್ಲೈತಿ, ಪೆಟ್ಟಿಗಿ ಪೀಪಾಯಿ ಜೋಡಿಸಿಡೋ ಗುರುತಿನ ಜಾಗ ಎಲ್ಲೈತಿ. ಇವುಗಳ ನಡುವಿನ ಹಾದಿನ ನಿಮ್ಮ ಮುಖ್ಯ ರಸ್ತಾ. ಆ ರಸ್ತಾದಾಗಿನ ಹೆಣ ಮೊದಲು ತಗೀರಿ, ಆದ್ರ ಆ ರಸ್ತಾ ಒರಸೂದು ಎಲ್ಲಾದಕ್ಕಿಂತ ಕಡೀಕ.

ಆಮ್ಯಾಲ ದೊಡ್ಡ ಹೆಣ, ಆಮ್ಯಾಲ ತುಂಡು, ಆಮ್ಯಾಲ ಕೊಳವಿ ಗಾಜು. ಇವೆಲ್ಲಾ ಹೋದ ಮ್ಯಾಲ ಛತ್ತು, ಗ್ವಾಡಿ, ನೆಲ, ಇದ ಕ್ರಮದಾಗ ಮಾಪ್. ಸಗಣಿ ಸಾರಸೂವಾಗ ಒಳಗಿನ ಮೂಲಿಂದ ಬಾಗಿಲ ಕಡೆ ಹಿಂದಕ್ಕ ಹಿಂದಕ್ಕ ಬರ್ತಾರಲ್ಲ, ಹಂಗ ಬರ್ರಿ. ಒರಸಿದ ಕಡೆ ಮತ್ತ ಕಾಲಿಡೋ ಪ್ರಸಂಗ ಬರೂದಿಲ್ಲ.

ಟಿಳಕವಾಡಿ ರಾತ್ರಿಪಾಳಿ (ಬೆಳಗಾವಿ)

ಕೃಷ್ಣಾತೀರ ಅಣ್ಣಾರ ಮಾತಿಗೆ ಪೂರ್ತಿ ಒಪ್ಪಿಗಿ ಅದ, ಒಂದು ವಿಷಯ ಬಿಟ್ಟು. ಡಬ್ಬಿ.

ಹೊಸಬರು ಡಬ್ಬಿ ತುಂಬಾ ತುಂಡು ತುಂಬಿ, ಎತ್ತಿಕೊಂಡು ಓಡ್ತಾರ. ಈ ಆಟದೊಳಗ ಪ್ರತಿಯೊಂದು ವಸ್ತುವಿಗೂ ಭೌತಿಕ ತೂಕ, ಉರುಳಾಟ ಅದ. ಡಬ್ಬಿಯ ಅಂಚು ಬಾಗಿಲ ಚೌಕಟ್ಟಿಗೆ ತಾಗಿದರ ಸಾಕು, ವಾಲಿ ಒಳಗಿದ್ದದ್ದೆಲ್ಲಾ ಹೊರಗ. ಆಗ ಹೆಣದ ತುಂಡು ಒಂದೊಂದೂ ಪುಟಿದಲ್ಲಿ ಹೊಸ ಕಲೆ. ಡಬ್ಬಿಯನ್ನ ಬಾಯಿಮಟ್ಟ ತುಂಬಬಾರದು, ಮುಕ್ಕಾಲಿಗೆ ನಿಲ್ಲಸ್ರಿ. ಉದ್ದನೆಯ ಕಾಲು, ಕೈ ಹೊರಗ ಚಾಚಿಕೊಂಡಿದ್ದರ ಅದ ಮೊದಲು ಬಾಗಿಲಿಗೆ ಸಿಗೋದು. ಹಂಥಾ ತುಂಡು ಕೈಯಲ್ಲೇ ಒಯ್ಯೋದು ಛಲೋ. ಪೂರ್ತಿ ಹೆಣವನ್ನ ಡಬ್ಬಿಗೆ ತುರುಕಲಿಕ್ಕೆ ಹೋಗಲೇಬ್ಯಾಡ್ರಿ.

ನನ್ನ ಲೆಕ್ಕ ಹಿಂಗ: ಇನ್‌ಸಿನರೇಟರ್ ಅದೇ ಕೋಣ್ಯಾಗ ಇಲ್ಲಾ ಪಕ್ಕದ ಕೋಣ್ಯಾಗ ಇದ್ದರ ಡಬ್ಬಿಯೇ ಬ್ಯಾಡ, ಕೈಯಲ್ಲೇ ಒಯ್ಯಿರಿ. ಎರಡು ಬಾಗಿಲು ದಾಟಬೇಕಂದರ ಡಬ್ಬಿ. ಒಯ್ಯುವಾಗ ಡಬ್ಬಿಯನ್ನ ನೆಲದಿಂದ ಸ್ವಲ್ಪೇ ಮ್ಯಾಲ ಹಿಡೀರಿ, ಮುಖದೆದುರು ಎತ್ತಿ ಹಿಡೀಬ್ಯಾಡ್ರಿ. ಜಾರಿದರೂ ನೆಟ್ಟಗೇ ಕೂಡ್ತದ. ಬಾಗಿಲೊಳಗ ನಡಿಗಿ ನಿಧಾನ, ಮೌಸ್ ತಿರುಗಿಸೋದು ಇನ್ನೂ ನಿಧಾನ. ಮೌಸ್ ಝಟ್ಟನೆ ತಿರುಗಿಸಿದರ ಕೈಯಾಗಿನ ವಸ್ತು ಬೀಸಿ ಹೊಡೀತದ, ಚೆಲ್ಲೋದರ ಮುಖ್ಯ ಕಾರಣ ಅದೇ.

ಬಕೆಟ್‌ಗೂ ಇದೇ ಮಾತು. ಕಡುಗೆಂಪು ಬಕೆಟ್ ಮಗುಚಿದರ ಅಲ್ಲೀತನಕ ಆ ಕೋಣ್ಯಾಗ ಮಾಡಿದ ಕೆಲಸಾನ ಹಾಳು. ಬಕೆಟ್‌ನ ನಡುದಾರ್ಯಾಗ, ಬಾಗಿಲ ಬಾಯಾಗ ಎಂದೂ ಇಡಬ್ಯಾಡ್ರಿ. ಮಾಪ್ ಹೊಡೆಯುವಾಗ ಹಿಂದಕ್ಕ ಸರಿತೀವಲ್ಲ, ಕಾಲಿಗೆ ಸಿಗೋದು ಅದ. ಮೂಲ್ಯಾಗ, ಎರಡೂ ಗ್ವಾಡಿಗೆ ತಾಗಿಸಿ ಇಟ್ಟರ ಉರುಳೋ ದಾರಿನ ಇರೋದಿಲ್ಲ. ಇನ್‌ಸಿನರೇಟರ್‌ಗೆ ಹಾಕುವಾಗ ದೂರದಿಂದ ಒಗೀಬ್ಯಾಡ್ರಿ. ಹತ್ತಿರ ಹೋಗಿ, ಬಾಯಿಯ ಒಳತನಕ ಒಯ್ದು, ಕೈ ಬಿಡ್ರಿ.

ಮುಧೋಳದ ಹೊಸಬ

ಬಹಳ ಉಪಕಾರ ಆತ್ರಿ. ಇನ್ನೊಂದು. ಸ್ಲಾಶ್-ಒ-ಮ್ಯಾಟಿಕ್ ಗುಂಡಿ ಒತ್ತಿದ್ರ ಒಮ್ಮೊಮ್ಮೆ ಬಕೆಟ್ ಬರೂ ಬದಲು ಕತ್ತರಿಸಿದ ಕೈ ಬರ್ತೈತಲ್ರಿ. ಅದು ತಪ್ಪಸಾಕ ಉಪಾಯ ಐತೇನ್ರಿ?

ಕೃಷ್ಣಾತೀರ

ಇಲ್ಲ. ಅದು ಆಟದವರು ಬೇಕಂತ ಇಟ್ಟಿದ್ದು. ಈ ಆಟದ ಕರಿ ಹಾಸ್ಯ ಮಾತಿನಾಗ ಇಲ್ಲ, ಯಂತ್ರದಾಗ ಐತಿ. ಸ್ವಚ್ಛ ಮಾಡಾಕ ಕೊಟ್ಟ ಸಾಮಾನ ಹೊಲಸು ಉಗುಳತೈತಿ, ಯಾರೂ ಕ್ಷಮಾ ಕೇಳೂದಿಲ್ಲ, ಎತ್ತಿ ಹಾಕೂ ಕೆಲಸ ನಿಮ್ಮದ.

ಆದ್ರ ನಷ್ಟ ಕಮ್ಮಿ ಮಾಡಬಹುದು. ಯಂತ್ರದ ಮುಂದಿನ ನೆಲ ಕಡೀತನಕ ಒರಸಬ್ಯಾಡ್ರಿ, ಹ್ಯಾಂಗೂ ಮತ್ತ ಹೊಲಸಾಗ್ತೈತಿ. ಬಗಲಾಗ ಒಂದು ಖಾಲಿ ಡಬ್ಬಿ ಇಟ್ಕೊಳ್ರಿ, ಬಂದ ತುಂಡು ತಕ್ಷಣ ಅದರಾಗ. ಮತ್ತ ಮುಖ್ಯ ಸಂಗತಿ: ಕಡೀ ಹಂತಕ್ಕ ಬೇಕಾಗೂ ಬಕೆಟ್ ಮೊದಲ ತಗದು ದೂರದ ಸ್ವಚ್ಛ ಮೂಲ್ಯಾಗ ಇಟ್ಬಿಡ್ರಿ. ಎಲ್ಲಾ ಒರಸಿ ಮುಗಿಸಿ, ಇನ್ನೊಂದ ಬಕೆಟ್ ಬೇಕಂತ ಗುಂಡಿ ಒತ್ತಿದಾಗನ ಆ ಕೈ ಬಂದು ಬೀಳತೈತಿ.

ಗುಮ್ಮಟದ ನೆರಳು (ವಿಜಯಪುರ)

ತಾಂತ್ರಿಕ ವಿಚಾರ ಯಾರೂ ಎತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಈ ಆಟ ಅನ್‌ರಿಯಲ್ ಎಂಜಿನ್ 3 ಎಂಬ, ಆಟ ಕಟ್ಟುವ ತಂತ್ರಾಂಶದ ಮೇಲೆ ನಿಂತಿದೆ. ಹಳೆಯ ಎಂಜಿನ್, ಆದ್ದರಿಂದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿಗಿಂತ ಇಲ್ಲಿ ಪ್ರೊಸೆಸರ್ ಮೇಲೆ ಹೊರೆ ಹೆಚ್ಚು. ಬಿದ್ದಿರುವ ಪ್ರತಿ ತುಂಡು, ಕೊಳವೆ, ಡಬ್ಬಿಯ ಚಲನೆಯನ್ನು ಅದು ಲೆಕ್ಕ ಹಾಕುತ್ತಲೇ ಇರಬೇಕು. ಒಂದೇ ಕಡೆ ಗುಡ್ಡೆ ಹಾಕಿದರೆ ಒಂದಕ್ಕೊಂದು ತಾಗಿ ಲೆಕ್ಕ ಇನ್ನೂ ಜಾಸ್ತಿ. "ಎಲ್ಲವನ್ನೂ ಇನ್‌ಸಿನರೇಟರ್ ಮುಂದೆ ರಾಶಿ ಹಾಕಿ ಕೊನೆಗೆ ಸುಟ್ಟರಾಯಿತು" ಎನ್ನುವವರ ಆಟ ತೊದಲುವುದು ಇದಕ್ಕೇ. ತಂದದ್ದನ್ನು ತಂದಂತೆ ಸುಡಿ. ಮೊದಲು ಹೆಣ ಎಂಬ ಮೇಲಿನ ಕ್ರಮ ಫ್ರೇಮ್ ದರಕ್ಕೂ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆಗೂ) ಒಳ್ಳೆಯದು.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ. ಬೆಳಗಾವಿಯವರಿಗೆ ಈ ಕಷ್ಟ ಅಷ್ಟಿಲ್ಲ. ಕೋಣೆಯ ಗಾಳಿಯೇ ಬಿಸಿ ಇದ್ದಾಗ ಲ್ಯಾಪ್‌ಟಾಪ್ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಚಿಪ್ ತಣ್ಣಗಾಗುವುದಿಲ್ಲ, ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಫ್ರೇಮ್ ಹಠಾತ್ತನೆ ಕುಸಿಯುತ್ತದೆ. ಡಬ್ಬಿ ಹಿಡಿದು ಬಾಗಿಲು ದಾಟುವ ಹೊತ್ತಿಗೆ ಹೀಗಾದರೆ ಮೌಸ್ ಒಂದು ಕಡೆ, ಡಬ್ಬಿ ಒಂದು ಕಡೆ. ಫ್ರೇಮ್ ದರವನ್ನು 60ಕ್ಕೆ, ಬೇಸಿಗೆ ಮಧ್ಯಾಹ್ನ 30ಕ್ಕೆ ಕಟ್ಟಿಹಾಕಿ. ಈ ಆಟಕ್ಕೆ ವೇಗದ ಗುರಿ ಬೇಕಿಲ್ಲ, ಏರುಪೇರಿಲ್ಲದ ಚಲನೆ ಬೇಕು. ಲ್ಯಾಪ್‌ಟಾಪ್‌ನ ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ ಗಟ್ಟಿ ಮೇಜಿನ ಮೇಲಿಡಿ, ಹಾಸಿಗೆಯ ಮೇಲೆ ಬೇಡ. ನಮ್ಮ ಕಪ್ಪು ಮಣ್ಣಿನ ಸಣ್ಣ ಧೂಳು ಫ್ಯಾನಿನ ಜಾಲರಿಯಲ್ಲಿ ಕೂತು ಗಟ್ಟಿಯಾಗುತ್ತದೆ, ಬೇಸಿಗೆ ಶುರುವಾಗುವ ಮುನ್ನ ಒಮ್ಮೆ ಬಿಚ್ಚಿಸಿ ತೆಗೆಸುವುದು ಒಳಿತು.

ಕರೆಂಟ್ ವಿಚಾರ. ಡೆಸ್ಕ್‌ಟಾಪ್‌ನವರು ಮನೆಯ ಇನ್ವರ್ಟರ್ ನಂಬಿದ್ದರೆ ಅದರ ಹಿಂದೆ ಅಥವಾ ಮುಂದೆ ಇರುವ ಯುಪಿಎಸ್ ಮೋಡ್ ಸ್ವಿಚ್ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿ ಹೋಗಬಹುದು, ಯುಪಿಎಸ್ ಮೋಡ್‌ನಲ್ಲಿ ಬದಲಾವಣೆ ಬೇಗ ಆಗುತ್ತದೆ. ಏನೇ ಇರಲಿ, ಒಂದು ಕೋಣೆ ಮುಗಿದ ತಕ್ಷಣ ಸೇವ್ ಮಾಡಿ. ಡಬ್ಬಿ, ಬಕೆಟ್ ಕೈಯಲ್ಲಿ ಹಿಡಿದು ಸೇವ್ ಮಾಡಬೇಡಿ, ಕೆಳಗಿಟ್ಟು ಮಾಡಿ.

ಮಲಪ್ರಭಾ (ಸವದತ್ತಿ)

ಛತ್ತಿನ ಮ್ಯಾಲಿನ ರಕ್ತ ಮಾಪ್‌ಗೆ ಎಟುಕೋದಿಲ್ಲಲ್ರಿ? ಪೆಟ್ಟಿಗಿ ಮ್ಯಾಲ ಪೆಟ್ಟಿಗಿ ಇಟ್ಟು ಹತ್ತೋದಾ?

ಟಿಳಕವಾಡಿ ರಾತ್ರಿಪಾಳಿ

ಎತ್ತರದ ಛತ್ತು ಇರೋ ಮಟ್ಟದೊಳಗ ಜೆ-ಹಾರ್ಮ್ ಅಂತ ಎತ್ತುವ ಯಂತ್ರ ಇಟ್ಟಿರ್ತಾರ, ಅದನ್ನ ಹುಡುಕ್ರಿ. ಅದರ ಮ್ಯಾಲ ನಿಂತು ಏರಿಸಿಕೋಬೇಕು. ಬಕೆಟ್ ಒಂದು ಸಂಗಡ ಮ್ಯಾಲಕ್ಕ ಒಯ್ದರ ಪದೇ ಪದೇ ಇಳಿಯೋ ತ್ರಾಸ ಇಲ್ಲ, ಆದರ ಯಂತ್ರ ಸರಿಯುವಾಗ ಬಕೆಟ್ ಅಲುಗಾಡ್ತದ, ನಿಂತ ಮ್ಯಾಲೇ ಮಾಪ್ ಅದ್ದಬೇಕು. ಯಂತ್ರ ನಡೆಸೋ ದಾರ್ಯಾಗ ನೆಲದ ಮ್ಯಾಲ ಏನೂ ಇರಬಾರದು. ಅದರ ಅಡಿಗೆ ಸಿಕ್ಕ ಹೆಣ ಚಿಂದಿಯಾಗಿ, ಒಂದು ಇದ್ದದ್ದು ಹತ್ತು ತುಂಡಾಗ್ತದ. ಕೃಷ್ಣಾತೀರ ಅಣ್ಣಾರು ಛತ್ತಿಗಿಂತ ಮೊದಲು ನೆಲದ ತುಂಡು ತಗೀರಿ ಅಂದದ್ದು ಇದಕ್ಕೂ ಹೊಂದತದ.

ಪೆಟ್ಟಿಗಿ ಒಟ್ಟಿ ಹತ್ತಬಹುದು, ತಗ್ಗಿನ ಛತ್ತಿಗೆ ಅದು ಸಾಕು. ರಕ್ತ ಹತ್ತಿರದ ಪೆಟ್ಟಿಗಿ ಆರಿಸಿಕೊಳ್ರಿ, ಯಾಕಂದರ ಕಡೀಕ ಅದನ್ನ ಜೋಡಿಸೋ ಜಾಗಕ್ಕ ಒಯ್ಯೋದೂ ಅದ.

ಹಳದಿ ಚೀಲ (ಬೆಳಗಾವಿ)

ಆಸ್ಪತ್ರೆಯ ಹೌಸ್‌ಕೀಪಿಂಗ್ ಮೇಲ್ವಿಚಾರಣೆ ನನ್ನ ವೃತ್ತಿ. ಇಲ್ಲಿ ಬರೆದಿರುವ ಕ್ರಮ ಓದಿ ಸಂತೋಷವಾಯಿತು. ಆಟ ಎಷ್ಟು ಮಟ್ಟಿಗೆ ಸರಿ, ಎಲ್ಲಿ ನಿಜದಿಂದ ದೂರ ಎಂದು ಹೇಳುವುದು ಅಗತ್ಯ ಅನ್ನಿಸುತ್ತದೆ.

ಸರಿಯಾಗಿರುವುದು: ಘನ ತ್ಯಾಜ್ಯ ಮೊದಲು, ದ್ರವ ನಂತರ. ಮೇಲಿನಿಂದ ಕೆಳಕ್ಕೆ. ಹೊಲಸು ನೀರಿನಲ್ಲಿ ಮಾಪ್ ಅದ್ದಿದರೆ ಸೋಂಕು ಹರಡುವುದೇ ಹೊರತು ಹೋಗುವುದಿಲ್ಲ. ಬೂಟಿನ ಅಚ್ಚು ಕೂಡ ನಿಜ.

ಆಟ ಪೂರ್ತಿ ಬಿಟ್ಟಿರುವುದು ಸಮಯ ಮತ್ತು ಔಷಧ. ನಿಜದಲ್ಲಿ ನೆಲದ ಮೇಲೆ ರಕ್ತ ಚೆಲ್ಲಿದರೆ ನೇರವಾಗಿ ಮಾಪ್ ಹಾಕುವುದೇ ಇಲ್ಲ. ಕೈಗವಸು, ಮಾಸ್ಕ್, ಏಪ್ರನ್, ಬೂಟು ಹಾಕಿಕೊಂಡು, ಓಡಾಟ ತಡೆದು, ಒಡೆದ ಗಾಜನ್ನು ಚಿಮಟದಿಂದ ತೆಗೆದು, ರಕ್ತದ ಮೇಲೆ ಹೀರುವ ಬಟ್ಟೆ ಅಥವಾ ಕಾಗದ ಮುಚ್ಚಬೇಕು. ಅದರ ಮೇಲೆ 1% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಹೊರ ಅಂಚಿನಿಂದ ನಡುವಿಗೆ ಸುರಿಯಬೇಕು. 5% ದ್ರಾವಣ ಇದ್ದರೆ 200 ಮಿಲೀಗೆ 800 ಮಿಲೀ ನೀರು ಸೇರಿಸಿದರೆ 1% ಆಗುತ್ತದೆ. ದಿನದಿನಕ್ಕೆ ಹೊಸದು ಮಾಡಿಕೊಳ್ಳಬೇಕು, ನಿಂತರೆ ಶಕ್ತಿ ಇಳಿಯುತ್ತದೆ. ಕನಿಷ್ಠ 10 ನಿಮಿಷ ಹಾಗೆಯೇ ಬಿಡಬೇಕು. ಆಮೇಲೆ ಬಟ್ಟೆ ಎತ್ತಿ ಹಳದಿ ಚೀಲಕ್ಕೆ ಹಾಕಿ, ಆಗ ಮಾಪ್. ಈ ದ್ರಾವಣವನ್ನು ಶೌಚಾಲಯ ತೊಳೆಯುವ ಆಮ್ಲದ ಜೊತೆ ಎಂದಿಗೂ ಬೆರೆಸಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ, ಆಟದಲ್ಲಿ ಎಲ್ಲವೂ ಒಂದೇ ಬೆಂಕಿಗೆ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ನಾಲ್ಕು ಬಣ್ಣ. ಅಂಗಾಂಶ ಮತ್ತು ರಕ್ತ ಹತ್ತಿದ ಬಟ್ಟೆ, ಹತ್ತಿ ಹಳದಿಗೆ. ನಳಿಕೆ, ಸೂಜಿ ತೆಗೆದ ಸಿರಿಂಜಿನಂಥ ಪ್ಲಾಸ್ಟಿಕ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಸುಡುವುದು ಹಳದಿ ಚೀಲದ್ದು. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಹಬೆಯಲ್ಲಿ ಸೋಂಕು ಕಳೆದು ಮರುಬಳಕೆಗೆ ಕಳಿಸಬೇಕು, ಏಕೆಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಇನ್‌ಸಿನರೇಟರ್‌ನ ಮೊದಲ ಕೋಣೆ ಕನಿಷ್ಠ 800 ಡಿಗ್ರಿ, ಎರಡನೆಯದು 1050 ಡಿಗ್ರಿ ಆಸುಪಾಸು, ಅಲ್ಲಿ ಹೊಗೆ ಕನಿಷ್ಠ 2 ಸೆಕೆಂಡು ನಿಲ್ಲಬೇಕು, ಚಿಮಣಿ ನೆಲದಿಂದ 30 ಮೀಟರ್ ಎತ್ತರ ಇರಬೇಕು. ಆಟದಲ್ಲಿ ಪ್ಲಾಸ್ಟಿಕ್ ಬಕೆಟ್ಟನ್ನೇ ನೀರಿನ ಸಮೇತ ಒಲೆಗೆ ಹಾಕುವುದು ನೋಡಿದಾಗ ಇವೆಲ್ಲ ನೆನಪಾಗುತ್ತವೆ.

ಕೃಷ್ಣಾತೀರ

ಅಕ್ಕಾರ, ಇದನ್ನ ಓದಿದ ಮ್ಯಾಲ ಆಟದಾಗ ಬಣ್ಣದ ಚೀಲದ ವ್ಯವಸ್ಥಾ ಇದ್ದಿದ್ರ ಎಷ್ಟು ಛಲೋ ಆಗ್ತಿತ್ತು ಅನಸ್ತೈತಿ. ಆಟ ಮಾರೋ ಸ್ಟೀಮ್ ತಾಣದ ವರ್ಕ್‌ಶಾಪ್‌ನಾಗ ಆಟಗಾರರು ಮಾಡಿದ ಮಟ್ಟ ಹಾಕಾಕ ಅವಕಾಶ ಐತಿ. ಆಸ್ಪತ್ರಿ ವಾರ್ಡಿನ ಮಟ್ಟ ಒಂದನ್ನ ಯಾರರ ಕಟ್ಟೂದಾದ್ರ ನಿಮ್ಮ ಸಲಹಾ ಬೇಕ್ರಿ.

ಒಂದು ಪ್ರಶ್ನೆ. ಆಸ್ಪತ್ರ್ಯಾಗ ಎರಡು ಬಕೆಟ್ ಪದ್ಧತಿ ಅಂತಾರಲ್ಲ, ಒಂದರಾಗ ಹೊಲಸು ಹಿಂಡಿ, ಇನ್ನೊಂದರಾಗ ಔಷಧದ ನೀರು?

ಹಳದಿ ಚೀಲ

ಹೌದು. ಹೊಲಸು ಮಾಪ್ಪನ್ನು ಮೊದಲು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಾಡಿಸಿ, ಹಿಂಡಿ, ಆಮೇಲೆ ಔಷಧದ ಬಕೆಟ್ಟಿಗೆ ಅದ್ದುವುದು. ಔಷಧದ ನೀರು ಹೆಚ್ಚು ಹೊತ್ತು ಶುದ್ಧವಾಗಿ ಉಳಿಯುತ್ತದೆ. ಕೋಣೆಯಿಂದ ಕೋಣೆಗೆ ನೀರು ಬದಲಾಯಿಸಬೇಕು, ಶಸ್ತ್ರಚಿಕಿತ್ಸಾ ಕೋಣೆಯ ಮಾಪ್ ಶೌಚಾಲಯಕ್ಕೆ ಹೋಗಬಾರದು. ಆಟದಲ್ಲಿ ಒಂದೇ ಮಾಪ್ ಇರುವುದರಿಂದ ಆ ಶಿಸ್ತು ಇಲ್ಲ.

ಮಲಪ್ರಭಾ

ಒಂದು ಮಾತು ಕೇಳ್ತೀನಿ, ಯಾರೂ ತಪ್ಪ ತಿಳೀಬ್ಯಾಡ್ರಿ. ಹೆಣ, ರಕ್ತ ಇಟ್ಟುಕೊಂಡು ನಗಸೋ ಆಟ, ಅದೂ ಸ್ವಚ್ಛತಾ ಕೆಲಸದ ಮ್ಯಾಲ. ನಮ್ಮ ಊರಾಗ ಪೌರಕಾರ್ಮಿಕರು ಪಡೋ ಕಷ್ಟ ನೋಡಿದರ ಇದು ಸರಿಯಾ ಅನಿಸ್ತದ.

ಟಿಳಕವಾಡಿ ರಾತ್ರಿಪಾಳಿ

ಕೇಳಿದ್ದು ಛಲೋ ಆತು. ಈ ಆಟ ಕೆಲಸಗಾರನನ್ನ ನೋಡಿ ನಗೋದಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ನಗು ಇರೋದು ಹೊಲಸು ಮಾಡಿ ಹೋದವರ ಮ್ಯಾಲ, ಕೆಟ್ಟ ಯಂತ್ರ ಕೊಟ್ಟ ಕಂಪನಿ ಮ್ಯಾಲ. ಗುಂಡು ಹಾರಿಸೋ ಆಟಗಳೊಳಗ ರಕ್ತ ತಾನಾಗೇ ಮಾಯ ಆಗ್ತದ, ಹೆಣ ಕರಗ್ತದ. ಇಲ್ಲಿ ಯಾವುದೂ ತಾನಾಗಿ ಹೋಗೋದಿಲ್ಲ, ಒಬ್ಬ ಮನುಷ್ಯ ಬಗ್ಗಿ ತಗೀಬೇಕು. ನಾಕು ಗುಂಡಿನ ಕೊಳವಿ ಮೇಜಿನಡಿ ಬಿದ್ದಿದ್ದರ ಅದಕ್ಕೂ ಲೆಕ್ಕ. ಮಾಪ್ ಹಿಡಿದವನ ಕೆಲಸಕ್ಕ ಇಷ್ಟು ಬೆಲೆ ಕೊಟ್ಟ ಆಟ ಕಮ್ಮಿ.

ಹಳದಿ ಚೀಲ

ನಾನೂ ಹಾಗೆಯೇ ನೋಡುತ್ತೇನೆ. ಆದರೆ ಒಂದು ಸೇರಿಸಬೇಕು. ಆಟದ ಕೆಲಸಗಾರನಿಗೆ ಹೆಪಟೈಟಿಸ್ ಬಿ ಹತ್ತುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ನಿಜದ ಕೆಲಸದಲ್ಲಿ ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಸಾಮಾನ್ಯವಾಗಿ 0, 1, 6 ತಿಂಗಳಿಗೆ. ಗಟ್ಟಿ ಕೈಗವಸು. ಚುಚ್ಚಿದರೆ ಕೂಡಲೇ ಸಾಬೂನು ನೀರಲ್ಲಿ ತೊಳೆದು, ಹಿಂಡದೆ, ವರದಿ ಮಾಡುವುದು. ಮ್ಯಾನ್‌ಹೋಲಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯೇ ನಿಷೇಧಿಸಿದೆ. ಆಟ ಆಡುವ ಹುಡುಗರಿಗೆ ಇಷ್ಟಾದರೂ ತಿಳಿದಿರಲಿ.

ಗುಮ್ಮಟದ ನೆರಳು

ಇಬ್ಬರು ಕೂಡಿ ಆಡುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಆನ್‌ಲೈನ್ ಕೋ-ಆಪ್‌ನಲ್ಲಿ ಒಬ್ಬರ ಕಂಪ್ಯೂಟರೇ ಹೋಸ್ಟ್. ವಸ್ತುಗಳ ಉರುಳಾಟದ ಲೆಕ್ಕವೆಲ್ಲ ಅಲ್ಲೇ ನಡೆಯುತ್ತದೆ. ಸೇರಿಕೊಂಡವರಿಗೆ ಅದರ ಸುದ್ದಿ ನೆಟ್ ಮೂಲಕ ತಡವಾಗಿ ತಲುಪುತ್ತದೆ. ಹಾಗಾಗಿ ಸೇರಿಕೊಂಡವರು ಡಬ್ಬಿ ಎತ್ತಿದರೆ ಅವರ ಪರದೆಯಲ್ಲಿ ಡಬ್ಬಿ ಹಿಂದೆ ಬಿದ್ದು, ಜಗ್ಗಿದಂತಾಗಿ, ಚೆಲ್ಲುವ ಸಾಧ್ಯತೆ ಹೆಚ್ಚು. ಇದಕ್ಕೆ ಸರಳ ಹಂಚಿಕೆ: ಹೋಸ್ಟ್ ಹೆಣ, ಡಬ್ಬಿ, ಬಕೆಟ್ ಸಾಗಿಸಲಿ, ಸೇರಿಕೊಂಡವರು ಮಾಪ್ ಹಿಡಿಯಲಿ. ಪ್ರೊಸೆಸರ್ ಗಟ್ಟಿ ಇರುವವರು, ಅಪ್‌ಲೋಡ್ ಚೆನ್ನಾಗಿರುವವರು ಹೋಸ್ಟ್ ಆಗಲಿ. ವಿಜಯಪುರದಲ್ಲೊಬ್ಬರು ಬೆಳಗಾವಿಯಲ್ಲೊಬ್ಬರು ಕೂತು ಆಡುವಾಗ ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಹೋಸ್ಟ್ ಆಗದಿರುವುದೇ ವಾಸಿ.

ಮಾಪ್ ಹಿಡಿದವರು ಹೆಣ ಸಾಗಿಸುವವರಿಗಿಂತ ಒಂದು ಕೋಣೆ ಹಿಂದೆ ಇರಬೇಕು. ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಒಬ್ಬರು ಒರೆಸಿದ್ದನ್ನು ಇನ್ನೊಬ್ಬರು ತುಳಿಯುತ್ತಾರೆ. ಮೂರನೆಯವರು ಇದ್ದರೆ ಅವರಿಗೆ ಬಕೆಟ್ ಬದಲಾಯಿಸುವ ಕೆಲಸ ಮಾತ್ರ ಕೊಡಿ, ಒರೆಸುವವರು ನಿಲ್ಲಬೇಕಾಗುವುದಿಲ್ಲ. ಒಂದೇ ಮನೆಯಲ್ಲಿದ್ದರೆ ಪರದೆ ಇಬ್ಭಾಗ ಮಾಡಿ ಆಡಬಹುದು, ನೆಟ್‌ನ ತಡವೇ ಇರುವುದಿಲ್ಲ.

ಟಿಳಕವಾಡಿ ರಾತ್ರಿಪಾಳಿ

ಝೀರೋ-ಜಿ ಥೆರಪಿ ಮಟ್ಟಕ್ಕ ಮಾತ್ರ ಈ ಹಂಚಿಕಿ ಹೊಂದೋದಿಲ್ಲ ನೋಡ್ರಿ. ಅಲ್ಲಿ ಗುರುತ್ವಾಕರ್ಷಣೆನೇ ಇಲ್ಲ. ತುಂಡು ತೇಲ್ತಾವ, ಮುಟ್ಟಿದರ ದೂರ ಸರೀತಾವ, ಗ್ವಾಡಿಗೆ ತಾಗಿ ಅಲ್ಲಿ ಕಲೆ ಬಿಡ್ತಾವ. ಮ್ಯಾಲ ಕೆಳಗ ಅನ್ನೋ ಲೆಕ್ಕನೇ ಇಲ್ಲದ್ದಕ್ಕ ಒರಸೋ ಕ್ರಮ ಬದಲಾಗ್ತದ. ಇನ್‌ಸಿನರೇಟರ್‌ನಿಂದ ದೂರದ ತುದಿಯಿಂದ ಶುರು ಮಾಡಿ ಅದರ ಕಡೆ ಬರಬೇಕು. ತುಂಡನ್ನ ಒಗೀಬಾರದು, ಹಿಡಿದು ಒಯ್ದು ಕೈ ಬಿಡೋ ಮುಂಚೆ ಪೂರ್ತಿ ನಿಂತು ಆಮ್ಯಾಲ ಬಿಡಬೇಕು, ಇಲ್ಲಂದರ ನಿಮ್ಮ ವೇಗ ಅದಕ್ಕೂ ಹತ್ತಿ ತೇಲಿ ಹೋಗ್ತದ. ಇಬ್ಬರೂ ತುಂಡು ಹಿಡಿಯೋ ಕೆಲಸನ ಮೊದಲು ಮುಗಿಸ್ರಿ. ಹೊಸಬರು ಈ ಮಟ್ಟಕ್ಕ ಅವಸರ ಮಾಡಿ ಹೋಗೋದು ಬ್ಯಾಡ.

ಮುಧೋಳದ ಹೊಸಬ

ಉಳಿದ ಹೊಲಸು ಹುಡುಕೋ ಸ್ನಿಫರ್ ಯಾವಾಗ ತಗೀಬೇಕ್ರಿ? ಮೊದಲಿಂದಾನ ಹಿಡ್ಕೊಂಡ್ರ ಕುಂಯ್ ಕುಂಯ್ ಅಂತ ತಲಿ ಚಿಟ್ ಹಿಡೀತೈತಿ.

ಕೃಷ್ಣಾತೀರ

ಕಡೀಕ. ಕಣ್ಣಿಗಿ ಏನೂ ಕಾಣೂದಿಲ್ಲ ಅಂದ ಮ್ಯಾಲ ಸ್ನಿಫರ್. ಹೊಲಸಿಗೆ ಹತ್ರ ಹೋದಂಗ ಅದರ ಸದ್ದು ಲಗೂ ಲಗೂ ಬರ್ತೈತಿ. ಕೋಣಿ ನಡುವ ನಿಂತು ಸಾವಕಾಶ ಒಂದು ಸುತ್ತು ತಿರುಗ್ರಿ, ಸದ್ದು ಜೋರಾದ ದಿಕ್ಕಿಗಿ ಎರಡು ಹೆಜ್ಜಿ, ಮತ್ತ ತಿರುಗ್ರಿ. ಬಹಳ ಸಲ ಉಳಿದಿರೂದು ಮೂರು ಕಡೆ: ಮೇಜು ಇಲ್ಲಾ ಯಂತ್ರದ ಅಡಿ ಉರುಳಿದ ಕೊಳವಿ, ಬಾಗಿಲ ಚೌಕಟ್ಟಿನ ಮ್ಯಾಲಿನ ಅಂಚು, ಇನ್‌ಸಿನರೇಟರ್ ಬಾಯಿ ಸುತ್ತಲಿನ ಸಿಡಿತ. ಇನ್‌ಸಿನರೇಟರ್ ಸುತ್ತಲಿನ ಜಾಗ ಒರಸೂದನ್ನ ಬಹಳ ಮಂದಿ ಮರೀತಾರ.

ಗ್ವಾಡ್ಯಾಗಿನ ಗುಂಡಿನ ತೂತಿಗಿ ಲೇಸರ್ ವೆಲ್ಡರ್ ಐತಿ. ಮೊದಲು ಆ ಜಾಗದ ರಕ್ತ ಒರಸಿ, ಆಮ್ಯಾಲ ಬೆಸುಗಿ ಹಾಕ್ರಿ. ರಕ್ತದ ಕೆಳಗ ಇರೂ ತೂತು ಕಣ್ಣಿಗಿ ಬೀಳೂದಿಲ್ಲ.

ಮಲಪ್ರಭಾ

ಇದೇ ನಮೂನಿ ಬ್ಯಾರೆ ಆಟ ಯಾವುದರ ಐತೇನ್ರಿ?

ಟಿಳಕವಾಡಿ ರಾತ್ರಿಪಾಳಿ

2024ರಾಗ ಬಂದ ಕ್ರೈಮ್ ಸೀನ್ ಕ್ಲೀನರ್ ನೋಡ್ರಿ. ಅದರೊಳಗ ಕಥಿ ಅದ: ಕೊವಾಲ್ಸ್ಕಿ ಅನ್ನೋ ಬಡ ಕೆಲಸಗಾರ ಮಗಳ ಚಿಕಿತ್ಸಾ ಖರ್ಚಿಗಾಗಿ ಮಾಫಿಯಾದವರು ಕೊಲೆ ಮಾಡಿ ಹೋದ ಜಾಗ ತೊಳೀತಾನ. ಸಂಗಡ ಅಲ್ಲಿದ್ದ ರೊಕ್ಕ, ಸಾಮಾನು ಎತ್ತಿಕೊಳ್ಳೋದು ಬಿಡೋದು ನಿಮ್ಮ ಕೈಯಾಗ. ಒರಸೋದು ವಿಸೆರಾಕ್ಕಿಂತ ಸುಲಭ, ಚೆಲ್ಲಾಟ ಕಮ್ಮಿ. ಕಥಿ ಬೇಕಂದರ ಅದು, ಕೈಚಳಕ ಬೇಕಂದರ ವಿಸೆರಾ. ಹೆಣ ಗಿಣ ಬ್ಯಾಡಂದರ 2022ರ ಪವರ್‌ವಾಶ್ ಸಿಮ್ಯುಲೇಟರ್ ಅದ, ಬರೇ ನೀರಿನ ರಭಸದಿಂದ ತೊಳಿಯೋದು. ಮಕ್ಕಳ ಮುಂದ ಆಡಲಿಕ್ಕೆ ಅದ ಸರಿ.

ವಿಸೆರಾದ್ದ ಸಣ್ಣ ತುಣುಕು ಬೇಕಿದ್ದರ ಸಾಂಟಾಸ್ ರ‍್ಯಾಂಪೇಜ್ ಅಂತ 2013ರಾಗ ಬ್ಯಾರೆಯಾಗೇ ಬಂದದ್ದು ಅದ. ಸಾಂಟಾ ತಲಿ ಕೆಟ್ಟು ತನ್ನ ಕಾರ್ಖಾನ್ಯಾಗ ಎಲ್ಲಾರನ್ನೂ ಕೊಂದು ಹೋದ ಮ್ಯಾಲ ತೊಳಿಯೋದು. ಒಂದೇ ಮಟ್ಟ, ಮಾಪ್ ಕಲಿಯಲಿಕ್ಕೆ ಹೇಳಿ ಮಾಡಿಸಿದಂಗ ಅದ.

ಮುಧೋಳದ ಹೊಸಬ

ಕಡೀ ಪ್ರಶ್ನೆರಿ. ಎಲ್ಲಾ ಮುಗೀತು ಅಂದ ಮ್ಯಾಲ ನೇರ ಪಂಚ್ ಮಾಡೂದಾ, ಇನ್ನ ಏನರ ಐತಾ?

ಕೃಷ್ಣಾತೀರ

ಪಂಚ್ ಮಾಡಿದ್ರ ಮಟ್ಟ ಅಲ್ಲಿಗಿ ಮುಗೀತು, ಅದಕ್ಕ ಮೊದಲು ಇಷ್ಟು ನೋಡ್ರಿ. ಸತ್ತವರ ಗುರುತಿನ ಚೀಟಿ, ಬಿದ್ದ ಟಿಪ್ಪಣಿ ಸಿಕ್ಕಿದ್ರ ಸುಡೂಕಿಂತ ಮೊದಲು ಓದ್ರಿ. ಯಾರು, ಹ್ಯಾಂಗ ಸತ್ತರು ಅಂತ ವರದಿ ತುಂಬಿದ್ರ ಅದಕ್ಕೂ ಅಂಕ ಐತಿ. ಹೆಣ ಸುಟ್ಟ ಮ್ಯಾಲ ಗಾಯ ನೋಡಾಕ ಆಗೂದಿಲ್ಲ, ಅದಕ್ಕ ಸಾವಿನ ಕಾರಣ ಮೊದಲ ಸುತ್ತಿನಾಗ ಗುರುತ ಹಾಕ್ಕೊಳ್ರಿ. ಸುಡಬಾರದ ಪೆಟ್ಟಿಗಿ, ಪೀಪಾಯಿ ಗುರುತಿನ ಗೆರಿ ಒಳಗ ಐತಿಲ್ಲ ನೋಡ್ರಿ, ಗೆರಿ ಮ್ಯಾಲ ಅರ್ಧ ಹೊರಗಿದ್ರ ಒಳಗ ನೂಕ್ರಿ. ಆಫೀಸಿಗಿ ಒಯ್ಯಬೇಕಂತಿದ್ದ ಸಾಮಾನು ಪೆಟ್ಟಾರಿಗಿ ಹಾಕ್ರಿ.

ಆಮ್ಯಾಲ ಉಳಿದ ಡಬ್ಬಿ, ಬಕೆಟ್ ಎಲ್ಲಾ ಒಲಿಗಿ. ಕಡೇ ಬಕೆಟ್ ಮಾತ್ರ ನಿಲ್ಲಸ್ರಿ: ಅದನ್ನ ಇನ್‌ಸಿನರೇಟರ್ ಬಗಲಾಗ ಇಟ್ಟು, ಅಲ್ಲಿನ ಸಿಡಿತ ಒರಸಿ, ಮಾಪ್ ಒಂದ ಸಲ ಅದ್ದಿ ಸ್ವಚ್ಛ ಮಾಡಿ, ಆಮ್ಯಾಲ ಆ ಬಕೆಟ್ಟೂ ಒಳಗ. ಸ್ನಿಫರ್ ಹಿಡದು ಇನ್ನೊಂದು ಸುತ್ತು ಬರ್ರಿ. ಸದ್ದು ತಣ್ಣಗಿದ್ರ ಹೋಗಿ ಪಂಚ್ ಮಾಡ್ರಿ.

ಮುಧೋಳದ ಹೊಸಬ

ಆತ್ರಿ ಅಣ್ಣಾರ. ಇವತ್ತು ರಾತ್ರಿ ಅವೇಕನಿಂಗ್ ಹೊಸದಾಗಿ ಶುರು ಮಾಡ್ತೀನಿ, ಮೊದಲಿಂದ ಇದ ಕ್ರಮದಾಗ. ಬೆಳಗಾವಿಯವರು ಯಾರರ ಹೋಸ್ಟ್ ಆಗಾಕ ತಯಾರಿದ್ರ ಹೇಳ್ರಿ, ನನ್ನ ಕಡೆ ಹಾಟ್‌ಸ್ಪಾಟ್ ಅಷ್ಟ ಐತಿ.

ಟಿಳಕವಾಡಿ ರಾತ್ರಿಪಾಳಿ

ನಾ ಹೋಸ್ಟ್ ಆಗ್ತೀನಿ. ಹೆಣ ನಂದು, ಮಾಪ್ ನಿಂದು. ಒಂದು ಕೋಣಿ ಹಿಂದ ಇರು.